ಬ್ಯಾಡಗಿ ಕಾಕಾನ ಜೊತೆ ಚಿಲ್ಲಿಯ ದಾರಿಯಲ್ಲಿ: ಸ್ಯಾನ್ ಆಂಟೋನಿಯೊದಿಂದ ಸಿನ್ಸಿನಾಟಿಗೆ

ನಮ್ಮ ಕಾಕಾ ಬ್ಯಾಡಗಿಯಲ್ಲಿ ನಲವತ್ತು ವರ್ಷ ಮೆಣಸಿನಕಾಯಿ ದಲಾಲಿ ಅಂಗಡಿ ನಡೆಸಿದವರು. ಕಾಯಿ ಕೈಗೆತ್ತಿಕೊಂಡರೆ ಯಾವ ಹೊಲದ ಮಾಲು, ಎಷ್ಟು ಬಿಸಿಲು ಕಂಡಿದೆ ಅಂತ ಹೇಳುತ್ತಾರೆ. ಅವರು ಟೆಕ್ಸಾಸ್ ರಾಜ್ಯದ ಡಲ್ಲಾಸ್‌ನ ನಮ್ಮ ಮನೆಗೆ ಬಂದು ಒಂದಷ್ಟು ದಿನ ಇದ್ದರು. ಇಲ್ಲಿಂದ ಒಹಾಯೊ ರಾಜ್ಯದ ಸಿನ್ಸಿನಾಟಿಯಲ್ಲಿರುವ ಮಗಳ ಮನೆಗೆ ಅವರನ್ನು ಬಿಡಬೇಕಿತ್ತು. ವಿಮಾನ ಹತ್ತಿದರೆ ಮೂರು ಗಂಟೆಯೂ ಬೇಡ. ಆದರೆ ನಾನು ಕಾರಿನಲ್ಲೇ ಹೋಗೋಣ, ಅದೂ ದೊಡ್ಡ ಸುತ್ತು ಹಾಕಿಕೊಂಡು ಹೋಗೋಣ ಎಂದೆ.

ಕಾರಣ ಚಿಲ್ಲಿ. ಅಮೆರಿಕದಲ್ಲಿ ಚಿಲ್ಲಿ ಅಂದರೆ ಒಂದು ಅಡುಗೆ. ಒಣ ಮೆಣಸಿನಕಾಯಿ ಮತ್ತು ಮಾಂಸ ಹಾಕಿ ಗಂಟೆಗಟ್ಟಲೆ ಸಣ್ಣ ಉರಿಯಲ್ಲಿ ಬೇಯಿಸುವ ಗಟ್ಟಿ ಗೊಜ್ಜು. ಅಷ್ಟು ಹೇಳಿದರೆ ಎಲ್ಲರೂ ಒಪ್ಪುತ್ತಾರೆ. ಬೀನ್ಸ್ ಹಾಕಬೇಕಾ, ಟೊಮೆಟೊ ಹಾಕಬಹುದಾ, ದಾಲ್ಚಿನ್ನಿಗೆ ಜಾಗ ಇದೆಯಾ ಅಂತ ಕೇಳಿದ ಕೂಡಲೇ ಜಗಳ ಶುರು. ಒಂದೊಂದು ರಾಜ್ಯಕ್ಕೆ ಒಂದೊಂದು ಉತ್ತರ. ಮೆಣಸಿನಕಾಯಿಯಲ್ಲೇ ಆಯಸ್ಸು ಕಳೆದ ಮನುಷ್ಯ ಜೊತೆಗಿರುವಾಗ ಈ ಊರುಗಳನ್ನು ನೋಡದೆ ಬಿಡುವುದು ಹೇಗೆ? ಕಾಕಾ ಸಸ್ಯಾಹಾರಿ. ನಾನು ಎಲ್ಲಾ ತಿನ್ನುತ್ತೇನೆ. ಮಾಂಸದ ರುಚಿ ನೋಡುವ ಕೆಲಸ ನನಗೆ, ಕಾಯಿ ನೋಡುವ ಕೆಲಸ ಅವರಿಗೆ ಅಂತ ಹಂಚಿಕೊಂಡೆವು.

ಶುಕ್ರವಾರ: ನ್ಯೂ ಬ್ರಾನ್‌ಫೆಲ್ಸ್ ಮೇಲೆ ಹಾದು

ಡಲ್ಲಾಸ್‌ನಿಂದ ಸ್ಯಾನ್ ಆಂಟೋನಿಯೊಗೆ ಸುಮಾರು 440 ಕಿ.ಮೀ. ಸೆಪ್ಟೆಂಬರ್ ಆದರೂ ಬಿಸಿಲು ಇಳಿದಿರಲಿಲ್ಲ. ಊರು ಮುಟ್ಟುವ ಮೊದಲು ನ್ಯೂ ಬ್ರಾನ್‌ಫೆಲ್ಸ್‌ನಲ್ಲಿ ನಿಂತೆವು. ಜರ್ಮನಿಯಿಂದ ಬಂದವರು 1845ರಲ್ಲಿ ಕಟ್ಟಿದ ಊರು ಇದು. ಇವತ್ತಿಗೂ ಬೇಕರಿ, ಸಾಸೇಜ್ ಅಂಗಡಿಗಳಲ್ಲಿ ಜರ್ಮನ್ ಹೆಸರುಗಳೇ ಕಾಣುತ್ತವೆ. ಚಿಲ್ಲಿ ಇಡೀ ದೇಶ ಸುತ್ತುವ ಹಾಗೆ ಮಾಡಿದ್ದು ಇಲ್ಲಿಗೆ ಬಂದ ಒಬ್ಬ ಜರ್ಮನ್, ವಿಲಿಯಂ ಗೆಬ್‌ಹಾರ್ಟ್.

1890ರ ದಶಕದಲ್ಲಿ ಅವನು ಇಲ್ಲಿ ಊಟದ ಅಂಗಡಿ ಇಟ್ಟಿದ್ದ. ಚಿಲ್ಲಿಗೆ ಬೇಕಾದ ಕಾಯಿ ಮೆಕ್ಸಿಕೊದಿಂದ ಸುಗ್ಗಿಯಲ್ಲಷ್ಟೇ ಸಿಗುತ್ತಿತ್ತು. ಅವನು ಕಾಯಿ ಒಣಗಿಸಿ, ಮಾಂಸ ಅರೆಯುವ ಯಂತ್ರದಲ್ಲೇ ಹಾಕಿ ಪುಡಿ ಮಾಡಿದ. ಮುಂದೆ ಅದೇ ಪುಡಿಯನ್ನು ಮಸಾಲೆ ಸೇರಿಸಿ ಬಾಟಲಿಯಲ್ಲಿ ತುಂಬಿ ಸ್ಯಾನ್ ಆಂಟೋನಿಯೊದಲ್ಲಿ ಕಾರ್ಖಾನೆಯನ್ನೇ ಹಾಕಿದ. ಇಂದಿಗೂ ಅಮೆರಿಕದ ಅಂಗಡಿಗಳಲ್ಲಿ ಸಿಗುವ ‘ಚಿಲ್ಲಿ ಪೌಡರ್’ ಬರೀ ಖಾರಪುಡಿ ಅಲ್ಲ. ಅದರಲ್ಲಿ ಜೀರಿಗೆ, ಒರೆಗಾನೊ, ಬೆಳ್ಳುಳ್ಳಿ ಬೆರೆತಿರುತ್ತವೆ. ಹೊಸದಾಗಿ ಬಂದ ನಮ್ಮವರು ಇದನ್ನು ಸಾರಿಗೆ ಹಾಕುವ ಮುನ್ನ ಡಬ್ಬಿಯ ಹಿಂಬದಿ ಓದುವುದು ಒಳ್ಳೆಯದು.

ಕಾಕಾ ಈ ಕಥೆ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ಕಾಯಿಗೆ ಕಾಲಿಲ್ಲ ತಂಗಿ, ಪುಡಿಗೆ ಕಾಲದಾವ” ಎಂದರು. ಆ ಮಾತು ಎಷ್ಟು ದೂರ ಹೋಗುತ್ತದೆ ಅಂತ ಆಗ ನನಗೆ ಹೊಳೆದಿರಲಿಲ್ಲ.

ಶನಿವಾರ: ಸ್ಯಾನ್ ಆಂಟೋನಿಯೊ

ಅಲಾಮೊ ಕೋಟೆ ಎದುರಿನ ಚೌಕದಲ್ಲಿ ಈಗ ಪ್ರವಾಸಿಗಳ ಗುಂಪು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಇಂಥ ಚೌಕಗಳಲ್ಲೇ ಸಂಜೆಯಾದರೆ ‘ಚಿಲ್ಲಿ ಕ್ವೀನ್ಸ್’ ಬರುತ್ತಿದ್ದರು. ಮೆಕ್ಸಿಕನ್ ಮೂಲದ ಹೆಂಗಸರು. ಮನೆಯಲ್ಲಿ ಬೇಯಿಸಿದ ಚಿಲ್ಲಿಯ ದೊಡ್ಡ ಪಾತ್ರೆ, ಉದ್ದ ಮೇಜು, ಲಾಟೀನು. ಸೈನಿಕರು, ದನ ಕಾಯುವವರು, ವ್ಯಾಪಾರಿಗಳು ಎಲ್ಲ ಒಂದೇ ಬೆಂಚಿನಲ್ಲಿ ಕೂತು ಉಣ್ಣುತ್ತಿದ್ದರು. 1893ರ ಷಿಕಾಗೊ ವಿಶ್ವಮೇಳದಲ್ಲಿ ‘ಸ್ಯಾನ್ ಆಂಟೋನಿಯೊ ಚಿಲ್ಲಿ ಸ್ಟ್ಯಾಂಡ್’ ಹಾಕಿದ್ದರಂತೆ. ದೇಶಕ್ಕೆ ಈ ರುಚಿ ಗೊತ್ತಾದ ದಾರಿಗಳಲ್ಲಿ ಅದೂ ಒಂದು. 1930ರ ದಶಕದ ಕೊನೆಗೆ ಆರೋಗ್ಯ ಇಲಾಖೆಯ ಹೊಸ ನಿಯಮಗಳು ಬಂದು ಈ ಹೆಂಗಸರನ್ನು ಚೌಕದಿಂದ ಎಬ್ಬಿಸಿದವು. 1977ರಲ್ಲಿ ಟೆಕ್ಸಾಸ್ ಶಾಸನಸಭೆ ಚಿಲ್ಲಿಯನ್ನು ರಾಜ್ಯದ ಅಧಿಕೃತ ತಿನಿಸು ಅಂತ ಘೋಷಿಸಿತು. ಗೌರವ ಬಂದಿದ್ದು ತಿನಿಸಿಗೆ. ಅದನ್ನು ಬೀದಿಯಲ್ಲಿ ನಿಂತು ಬೆಳೆಸಿದ ಹೆಂಗಸರಿಗೆ ಸಲ್ಲಬೇಕಾದಷ್ಟು ಸಂದಿಲ್ಲ ಅಂತ ನನಗೆ ಬಲವಾಗಿ ಅನಿಸುತ್ತದೆ.

ಸಂತೆಯ ಹತ್ತಿರದ ಒಂದು ಅಂಗಡಿಯಲ್ಲಿ ಒಣ ಕಾಯಿಗಳನ್ನು ತೆರೆದ ಡಬ್ಬಗಳಲ್ಲಿ ಸುರಿದಿದ್ದರು. ಕಾಕಾ ಅಲ್ಲಿಂದ ಒಂದು ಗಂಟೆ ಅಲುಗಲಿಲ್ಲ. ಮೊದಲು ಆಂಚೊ ಎತ್ತಿಕೊಂಡರು. ಪೊಬ್ಲಾನೊ ಎಂಬ ದಪ್ಪ ಕಾಯಿ ಹಣ್ಣಾಗಿ ಒಣಗಿದರೆ ಅದೇ ಆಂಚೊ. ಅಂಗೈ ಅಗಲ, ಕಪ್ಪುಗೆಂಪು, ಚರ್ಮವೆಲ್ಲ ಸುಕ್ಕು. ಎರಡೂ ತುದಿ ಹಿಡಿದು ಬಗ್ಗಿಸಿದರು. ಮುರಿಯಲಿಲ್ಲ. “ಒಣಗೇತಿ, ಆದ್ರ ಇನ್ನೂ ಮೆತ್ತಗ ಐತಿ. ಹಿಂಗಿರಬೇಕು ಮಾಲು.” ತೊಟ್ಟಿನ ಹತ್ತಿರ ಸೀಳಿ ಮೂಗಿಗೆ ಹಿಡಿದರು. ಒಣದ್ರಾಕ್ಷಿಯ ವಾಸನೆ. ಖಾರ ಮೂಗಿಗೆ ಬರುವುದೇ ಇಲ್ಲ. ಆಮೇಲೆ ಗ್ವಾಹಿಯೊ. ಉದ್ದ, ತೆಳು, ನುಣುಪು, ಬೆಳಕಿಗೆ ಹಿಡಿದರೆ ಗಾಜಿನ ಹಾಗೆ ಕೆಂಪಗೆ ಹೊಳೆಯುತ್ತದೆ. ಕಾಕಾ ಒಂದು ಚೂರು ಉಗುರಿನಲ್ಲಿ ತಿಕ್ಕಿ ಬಣ್ಣ ನೋಡಿದರು. ಬ್ಯಾಡಗಿಯ ಕಡ್ಡಿ ಕಾಯಿಯಲ್ಲಿ ಸುಕ್ಕು ಹೆಚ್ಚು, ಇದರಲ್ಲಿ ಇಲ್ಲ. ಆದರೆ ಕೆಲಸ ಒಂದೇ: ಖಾರ ಕಡಿಮೆ, ಬಣ್ಣ ಜಾಸ್ತಿ. ಉರಿಗೆ ಅಂತಲೇ ಆರ್ಬೊಲ್ ಎಂಬ ಸಣ್ಣ ಕಾಯಿ ಬೇರೆ ಇತ್ತು. ಹುಣಸೆ ಬೀಜದಷ್ಟೂ ಇಲ್ಲದ ಪೆಕೀನ್ ಇತ್ತು. ಅದು ಟೆಕ್ಸಾಸ್‌ನಲ್ಲಿ ತಾನೇ ತಾನಾಗಿ ಕಾಡಿನಲ್ಲಿ ಬೆಳೆಯುತ್ತದೆ. ಒಂದು ಕಾಯಿ ಬಣ್ಣಕ್ಕೆ, ಒಂದು ರುಚಿಗೆ, ಒಂದು ಖಾರಕ್ಕೆ ಅಂತ ಬೆರೆಸುವ ಲೆಕ್ಕ ಕಾಕಾಗೆ ಹೇಳಿಕೊಡಬೇಕಾಗಲಿಲ್ಲ.

ಸಂಜೆ ನನ್ನ ಸ್ನೇಹಿತೆಯ ಅತ್ತೆಯ ಅಡುಗೆಮನೆ. ಅವರ ಕುಟುಂಬ ತಲೆಮಾರುಗಳಿಂದ ಈ ಊರಿನ ಪಶ್ಚಿಮ ಭಾಗದಲ್ಲೇ ಇದೆ. ಕಾಯಿಗಳ ತೊಟ್ಟು ತೆಗೆದು, ಬೀಜ ಉದುರಿಸಿ, ಬರೀ ಬಾಣಲೆಯಲ್ಲಿ ಎರಡೂ ಬದಿ ಸ್ವಲ್ಪ ಬೆಚ್ಚಗೆ ಮಾಡಿದರು. ಕಪ್ಪಾದರೆ ಕಹಿ ಅಂತ ನನ್ನ ಕೈಯಿಂದ ಸೌಟು ಕಿತ್ತುಕೊಂಡರು. ಬಿಸಿನೀರಲ್ಲಿ ಅರ್ಧ ಗಂಟೆ ನೆನೆಸಿ, ಬೆಳ್ಳುಳ್ಳಿ, ಜೀರಿಗೆ, ಒರೆಗಾನೊ ಹಾಕಿ ನುಣ್ಣಗೆ ರುಬ್ಬಿದರು. ಮಾಂಸಕ್ಕೆ ಹಾಕುವ ಮೊದಲೇ ಒಂದು ಬಟ್ಟಲು ತೆಗೆದು, ಸ್ವಲ್ಪ ಎಣ್ಣೆಯಲ್ಲಿ ಕುದಿಸಿ, ಬಿಸಿ ಟೋರ್ಟಿಯಾ (ಮೆಕ್ಸಿಕನ್ನರ ತೆಳು ರೊಟ್ಟಿ) ಜೊತೆ ಕಾಕಾ ಮುಂದಿಟ್ಟರು. ಕಾಕಾ ಕಣ್ಣು ಮುಚ್ಚಿ ಉಂಡರು. ಇನ್ನುಳಿದದ್ದು ದನದ ಮಾಂಸದ ತುಂಡುಗಳ ಜೊತೆ ಮೂರು ಗಂಟೆ ಬೆಂದಿತು. ಕೊನೆಗೆ ಗಟ್ಟಿಯಾಗಲು ಒಂದು ಹಿಡಿ ಮೆಕ್ಕೆಜೋಳದ ಹಿಟ್ಟು. ಟೊಮೆಟೊ ಇಲ್ಲ. ಬೀನ್ಸ್ ಇತ್ತು, ಆದರೆ ಬೇರೆ ಪಾತ್ರೆಯಲ್ಲಿ. “ತಟ್ಟೆಯಲ್ಲಿ ಸೇರಿಸಿಕೊಳ್ಳಿ, ಪಾತ್ರೆಯಲ್ಲಿ ಬೇಡ” ಎಂದರು ಆ ಅಜ್ಜಿ. ಮಾಂಸದ ನಾರಿನೊಳಗೆ ಹೋಗಿದ್ದು ಮೆಣಸಿನಕಾಯಿಯ ರುಚಿ, ಅದರ ಉರಿಯಲ್ಲ. ಟೆಕ್ಸಾಸ್‌ನವರು ಬೀನ್ಸ್ ಅಂದರೆ ಯಾಕೆ ಸಿಡಿಯುತ್ತಾರೆ ಅಂತ ಆ ಬಟ್ಟಲು ಖಾಲಿ ಮಾಡುವಾಗ ಗೊತ್ತಾಯಿತು.

ಭಾನುವಾರ: ಟೆರ್ಲಿಂಗ್ವಾ

600 ಕಿ.ಮೀ.ಗೂ ಜಾಸ್ತಿ ದಾರಿ. ಕೊನೆಯ ಅರ್ಧ ಬರೀ ಕುರುಚಲು, ಕಲ್ಲು, ಆಕಾಶ. ಟೆರ್ಲಿಂಗ್ವಾ ಒಂದು ಕಾಲಕ್ಕೆ ಪಾದರಸದ ಗಣಿಯ ಊರು. 1940ರ ದಶಕದಲ್ಲಿ ಗಣಿ ಮುಚ್ಚಿತು, ಜನ ಹೋದರು, ಮುರಿದ ಗೋಡೆಗಳು ಉಳಿದವು.

ಈ ಪಾಳು ಊರಿಗೆ ಹೆಸರು ಬಂದಿದ್ದು 1967ರಲ್ಲಿ. ಎಚ್. ಅಲೆನ್ ಸ್ಮಿತ್ ಎಂಬ ಹಾಸ್ಯ ಲೇಖಕ ಚಿಲ್ಲಿ ಬಗ್ಗೆ ತನಗಿಂತ ಜಾಸ್ತಿ ಗೊತ್ತಿರುವವರು ಯಾರೂ ಇಲ್ಲ ಅಂತ ಪತ್ರಿಕೆಯಲ್ಲಿ ಬರೆದ. ಅವನು ಟೆಕ್ಸಾಸ್‌ನವನೂ ಅಲ್ಲ! ಟೆಕ್ಸಾಸ್‌ನವರ ರಕ್ತ ಕುದಿಯಿತು. ಪತ್ರಕರ್ತ ವಿಕ್ ಫೌಲರ್ ಅವನೆದುರು ಅಡುಗೆಗೆ ನಿಂತ. ಇಬ್ಬರು ತೀರ್ಪುಗಾರರು ತಲಾ ಒಂದು ಕಡೆ ವಾಲಿದರು. ಮೂರನೆಯವನು ನನ್ನ ನಾಲಿಗೆಯೇ ಸತ್ತುಹೋಯಿತು ಅಂತ ಕೈ ಚೆಲ್ಲಿದ. ಪಂದ್ಯ ಸಮ. ಆಮೇಲೆ ಪ್ರತಿ ನವೆಂಬರ್ ಮೊದಲ ಶನಿವಾರ ಇಲ್ಲಿ ಚಿಲ್ಲಿ ಸ್ಪರ್ಧೆ. ಸ್ಪರ್ಧೆಯ ಜನರಲ್ಲೂ ಒಡಕು ಬಂದು ಈಗ ಒಂದೇ ವಾರಾಂತ್ಯದಲ್ಲಿ ಎರಡು ಬೇರೆ ಬೇರೆ ಕೂಟ ನಡೆಯುತ್ತವೆ. ಸ್ಪರ್ಧೆಯ ಪಾತ್ರೆಯಲ್ಲಿ ಬೀನ್ಸ್, ಅನ್ನ, ಪಾಸ್ತಾ ಕಂಡರೆ ಹೊರಗೆ.

ನಾವು ಹೋದಾಗ ಊರು ಖಾಲಿ. ಹಳೇ ಸಿನಿಮಾ ಮಂದಿರದ ಕಟ್ಟಡದಲ್ಲಿರುವ ಸ್ಟಾರ್‌ಲೈಟ್ ಥಿಯೇಟರ್ ಹೋಟೆಲಿನ ಜಗಲಿಯಲ್ಲಿ ಕೂತೆವು. ದೂರದಲ್ಲಿ ಚೀಸೋಸ್ ಬೆಟ್ಟ ಕೆಂಪಾಗುತ್ತಿತ್ತು. ಅದರಾಚೆ ರಿಯೊ ಗ್ರಾಂಡೆ ನದಿ, ನದಿಯಾಚೆ ಮೆಕ್ಸಿಕೊ.

ಸೋಮವಾರ

ಪೂರ್ತಿ ಪ್ರಯಾಣ. ಎಲ್ ಪಾಸೊ ದಾಟಿ ನ್ಯೂ ಮೆಕ್ಸಿಕೊ ರಾಜ್ಯದ ಲಾಸ್ ಕ್ರೂಸೆಸ್ ಸೇರಿದಾಗ ಕತ್ತಲು. ಗಡಿಯಾರ ಒಂದು ಗಂಟೆ ಹಿಂದೆ ಹೋಯಿತು. ಅಷ್ಟೇ ಲಾಭ.

ಮಂಗಳವಾರ: ಲಾಸ್ ಕ್ರೂಸೆಸ್, ಹ್ಯಾಚ್

ಇಲ್ಲಿನ ನ್ಯೂ ಮೆಕ್ಸಿಕೊ ಸ್ಟೇಟ್ ಯೂನಿವರ್ಸಿಟಿಯಲ್ಲಿ ಮೆಣಸಿನಕಾಯಿಗೇ ಮೀಸಲಾದ ಸಂಸ್ಥೆ ಇದೆ, ಚಿಲಿ ಪೆಪ್ಪರ್ ಇನ್‌ಸ್ಟಿಟ್ಯೂಟ್, 1992ರಲ್ಲಿ ಶುರುವಾದದ್ದು. ಅವರ ತೋಟದಲ್ಲಿ ಸಾಲು ಸಾಲಾಗಿ ದೇಶ ದೇಶಗಳ ತಳಿ. ನಮ್ಮ ಅಸ್ಸಾಂ ಕಡೆಯ ಭೂತ್ ಜೋಲೋಕಿಯಾ 10 ಲಕ್ಷ ಸ್ಕೋವಿಲ್ (ಖಾರ ಅಳೆಯುವ ಮಾನ) ದಾಟುತ್ತದೆ ಅಂತ ಅಳೆದು ತೋರಿಸಿದ್ದು ಇಲ್ಲಿನವರೇ. 2007ರಲ್ಲಿ ಅದು ಗಿನ್ನೆಸ್ ದಾಖಲೆಗೆ ಸೇರಿತು.

ಕಾಕಾ ಮನಸ್ಸು ನಿಂತಿದ್ದು ಮಾತ್ರ ಫಾಬಿಯಾನ್ ಗಾರ್ಸಿಯಾ ಕಥೆಯಲ್ಲಿ. ಮೆಕ್ಸಿಕೊದಲ್ಲಿ ಹುಟ್ಟಿ, ಇಲ್ಲಿ ಓದಿ, ಇಲ್ಲೇ ತೋಟಗಾರಿಕೆ ವಿಜ್ಞಾನಿಯಾದವರು. ಆಗ ರೈತರ ಹೊಲದಲ್ಲಿ ಒಂದು ಗಿಡದ ಕಾಯಿಯ ಹಾಗೆ ಇನ್ನೊಂದು ಗಿಡದ್ದು ಇರುತ್ತಿರಲಿಲ್ಲ. ಗಾರ್ಸಿಯಾ ವರ್ಷಗಟ್ಟಲೆ ಆರಿಸಿ, ಬೆರೆಸಿ, ಒಂದೇ ಅಳತೆಯ, ಉದ್ದನೆಯ, ತಿರುಳು ದಪ್ಪಗಿರುವ, ಖಾರ ಹದವಾಗಿರುವ ‘ನ್ಯೂ ಮೆಕ್ಸಿಕೊ ನಂಬರ್ 9’ ಎಂಬ ತಳಿ ಕೊಟ್ಟರು. ಈ ರಾಜ್ಯದ ಇಂದಿನ ಮೆಣಸಿನಕಾಯಿ ಕೃಷಿಯ ಬೇರು ಅಲ್ಲಿದೆ. ನಮ್ಮಲ್ಲಿ ಬ್ಯಾಡಗಿ ಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕ ಬಂದಾಗ ಊರಲ್ಲಿ ಎಷ್ಟು ಖುಷಿಪಟ್ಟರು ಅಂತ ಕಾಕಾ ಅಲ್ಲಿದ್ದ ಹುಡುಗನೊಬ್ಬನಿಗೆ ಹೇಳಿದರು. ನಾನು ಅನುವಾದ ಮಾಡಿದೆ. ಹುಡುಗ ಬೀಜ ಇದೆಯಾ ಅಂತ ಕೇಳಿದ!

ಹ್ಯಾಚ್ ಊರು ಅಲ್ಲಿಂದ ಮುಕ್ಕಾಲು ಗಂಟೆಯ ದಾರಿ. ಪುಟ್ಟ ಊರು, ಇಕ್ಕೆಲದಲ್ಲೂ ಮೆಣಸಿನಕಾಯಿ ಅಂಗಡಿ. ನಿನ್ನೆ ಟೆಕ್ಸಾಸ್ ಗಡಿಯಲ್ಲಿ ಬಿಟ್ಟುಬಂದ ರಿಯೊ ಗ್ರಾಂಡೆಯೇ ಇಲ್ಲಿನ ಹೊಲಗಳಿಗೂ ನೀರು. ಕಾರಿನ ಗಾಜು ಇಳಿಸಿದ ಕೂಡಲೇ ವಾಸನೆ ಬಂತು. ಹಸಿ ಕಾಯಿ ಸುಡುವ ವಾಸನೆ. 2023ರಲ್ಲಿ ಇದನ್ನೇ ರಾಜ್ಯದ ಅಧಿಕೃತ ಪರಿಮಳ ಅಂತ ಕಾನೂನು ಮಾಡಿದ್ದಾರೆ.

ಅಂಗಡಿಯ ಮುಂದೆ ಕಬ್ಬಿಣದ ಜಾಲರಿಯ ದೊಡ್ಡ ಪೀಪಾಯಿ. ಕೆಳಗೆ ಗ್ಯಾಸಿನ ಬರ್ನರ್‌ಗಳು ಭರ್ ಎಂದು ಉರಿಯುತ್ತವೆ. ಚೀಲ ಬಿಚ್ಚಿ ಇಡೀ ಕಾಯಿ ಒಳಗೆ ಸುರಿದು ಪೀಪಾಯಿ ತಿರುಗಿಸುತ್ತಾರೆ. ಮೊದಲು ಪಟಪಟ ಸದ್ದು. ಸಿಪ್ಪೆ ಬೊಬ್ಬೆ ಎದ್ದು, ಕಪ್ಪಾಗಿ, ಸುಟ್ಟ ಹಾಳೆಯಂತೆ ಜಾಲರಿಯಿಂದ ಹಾರಿ ಬೀಳುತ್ತದೆ. ಐದಾರು ನಿಮಿಷಕ್ಕೆ ಹಸಿರು ಕಾಯಿ ಮೆತ್ತಗಾಗಿ ಅರ್ಧಕ್ಕೆ ಇಳಿಯುತ್ತದೆ. ಬಿಸಿಯಾಗಿರುವಾಗಲೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟುತ್ತಾರೆ. ಒಳಗಿನ ಹಬೆಗೆ ಉಳಿದ ಸಿಪ್ಪೆಯೂ ಬಿಡುತ್ತದೆ. ಜನ ಚೀಲಗಟ್ಟಲೆ ಕೊಂಡು ಮನೆಯಲ್ಲಿ ಫ್ರೀಜರ್ ತುಂಬುತ್ತಾರೆ, ವರ್ಷಪೂರ್ತಿಗೆ. ಕಾಕಾ ಒಂದನ್ನು ಸಿಪ್ಪೆ ಸುಲಿದು, ಉಪ್ಪು ಹಚ್ಚಿ ತಿಂದರು. ಇನ್ನೊಂದು. ಮತ್ತೊಂದು. “ಇಷ್ಟು ವರ್ಷ ಕಾಯಿ ಒಣಗ್ಸೋದ ನೋಡೀನಿ. ಚೀಲಗಟ್ಟಲೆ ಸುಡೋದು ಇವತ್ತ ನೋಡಿದ್ನಿ ನೋಡು.”

ಇಲ್ಲಿ ಮಾಂಸ ಹಿಂದಕ್ಕೆ ಸರಿಯುತ್ತದೆ. ಮುಂದೆ ನಿಲ್ಲುವುದು ಮೆಣಸಿನಕಾಯಿ. ಟೆಕ್ಸಾಸ್‌ನವರ ಅಡುಗೆಗೆ ಕಾಯಿ ಮಸಾಲೆ, ಇವರಿಗೆ ಕಾಯಿಯೇ ತರಕಾರಿ. ಹಸಿರು ಕಾಯಿ, ಆಲೂಗಡ್ಡೆ, ಹಂದಿಮಾಂಸದ ಸ್ಟ್ಯೂ ತಿಂದೆ. ಅದರಲ್ಲಿ ಮಾಂಸವನ್ನು ಹುಡುಕಬೇಕು, ಕಾಯಿಯನ್ನು ಹುಡುಕಬೇಕಾಗಿಲ್ಲ.

ಬುಧವಾರ: ಸಾಂಟಾ ಫೆ, ಚಿಮಯೊ

ಸಾಂಟಾ ಫೆಯಲ್ಲಿ ಏನೇ ತಿಂಡಿ ಹೇಳಿ, ಬಡಿಸುವವರು ಕೇಳುವ ಪ್ರಶ್ನೆ ಒಂದೇ: ಕೆಂಪಾ, ಹಸಿರಾ? ಅದು ರಾಜ್ಯದ ಅಧಿಕೃತ ಪ್ರಶ್ನೆ ಕೂಡ. ಎರಡೂ ಬೇಕಾದರೆ ‘ಕ್ರಿಸ್‌ಮಸ್’ ಅನ್ನಬೇಕು. ಎರಡೂ ಒಂದೇ ಗಿಡದ ಕಾಯಿ. ಹಸಿಯಾಗಿ ಕಿತ್ತು ಸುಟ್ಟರೆ ಹಸಿರು, ಗಿಡದಲ್ಲೇ ಹಣ್ಣಾಗಲು ಬಿಟ್ಟು ಒಣಗಿಸಿದರೆ ಕೆಂಪು.

ಕಾಕಾ ಚೀಸ್ ಎಂಚಿಲಾಡ, ಅಂದರೆ ಚೀಸ್ ತುಂಬಿ ಸುತ್ತಿದ ಟೋರ್ಟಿಯಾ, ಅದರ ಮೇಲೆ ಕೆಂಪು ಹಾಕಿಸಿಕೊಂಡರು. ಅದರಲ್ಲಿ ಹಂದಿಯ ಕೊಬ್ಬು ಇಲ್ಲ ಅಂತ ಮೊದಲೇ ಕೇಳಿ ಖಾತ್ರಿ ಮಾಡಿಕೊಂಡಿದ್ದೆ. ಒಂದು ತುತ್ತು ಬಾಯಿಗಿಟ್ಟವರೇ ನನ್ನ ಕಡೆ ತಿರುಗಿದರು. “ಟೊಮ್ಯಾಟೊ ಇಲ್ಲ, ಜೀರಗಿ ಇಲ್ಲ. ಬರೇ ಕಾಯಿ, ಬಳ್ಳೊಳ್ಳಿ, ಉಪ್ಪು. ಇದು ನಮ್ಮ ರಂಜಕದ ಅಣ್ಣತಮ್ಮ ಐತಲ್ಲವಾ!” ನಿಜವೇ. ನಮ್ಮ ರಂಜಕ ಹಸಿ ಹಣ್ಣುಗಾಯಿಯದ್ದು, ಹುಳಿ ಇರುತ್ತದೆ. ಇವರದ್ದು ಒಣಗಾಯಿಯದ್ದು. ಆದರೆ ಕಾಯಿಯ ಮೇಲೆ ಬೇರೆ ಯಾವ ರುಚಿಯೂ ಕೂರಬಾರದು ಅನ್ನುವ ಹಟ ಎರಡರಲ್ಲೂ ಒಂದೇ.

ಚಿಮಯೊ ಬೆಟ್ಟದ ಹಳ್ಳಿ. ಅಲ್ಲಿನ ಮಣ್ಣಿನ ಗೋಡೆಯ ಪುಟ್ಟ ಇಗರ್ಜಿಗೆ ಜನ ದೂರದಿಂದ ನಡೆದು ಬರುತ್ತಾರೆ. ಬಾಗಿಲುಗಳ ಪಕ್ಕ ಕೆಂಪು ಕಾಯಿಯ ಸರಗಳು ತೂಗುತ್ತವೆ. ಇಲ್ಲಿನ ಕಾಯಿ ಸಣ್ಣದು, ಸೊಟ್ಟ. ಮನೆಮನೆಯವರು ತಲೆಮಾರುಗಳಿಂದ ತಮ್ಮ ಬೀಜ ತಾವೇ ಎತ್ತಿಟ್ಟು ಉಳಿಸಿಕೊಂಡ ನಾಟಿ ತಳಿ. ಹ್ಯಾಚ್ ಕಾಯಿಗಿಂತ ದುಬಾರಿ. ನನಗೆ ಇಡೀ ದಾರಿಯಲ್ಲಿ ಸಿಕ್ಕ ಅತಿ ಒಳ್ಳೆಯ ಪುಡಿ ಇದೇ. ಮೊದಲು ಸಿಹಿ, ಆಮೇಲೆ ಮಣ್ಣಿನ ಘಮ, ಖಾರ ಕೊನೆಗೆ ನಿಧಾನಕ್ಕೆ ಬರುತ್ತದೆ. ದಯವಿಟ್ಟು ಇಲ್ಲಿಗೆ ಹೋದವರು ಬೆಳೆಗಾರರಿಂದಲೇ ಕೊಳ್ಳಿ. ಇಂಥ ತಳಿ ಉಳಿಯಬೇಕಾದರೆ ಬೆಳೆದವನ ಕೈಗೆ ದುಡ್ಡು ಸೇರಬೇಕು.

ಗುರುವಾರ: ಕಾನ್ಸಾಸ್

ಬೆಳಿಗ್ಗೆ ಬೆಟ್ಟ ಇಳಿದೆವು, ಟೆಕ್ಸಾಸ್ ಮತ್ತು ಓಕ್ಲಹೋಮಾದ ಬಾಲದಂತೆ ಚಾಚಿದ ತುದಿಗಳನ್ನು ದಾಟಿ ಸಂಜೆಗೆ ಕಾನ್ಸಾಸ್. ಕಣ್ಣು ಹಾಯುವಷ್ಟೂ ಬಯಲು. ವಿಚಿಟಾಗೆ ಮೊದಲು ಒಂದು ಸಣ್ಣ ಊರಿನ ಹೋಟೆಲಿನಲ್ಲಿ ಚಿಲ್ಲಿ ತರಿಸಿದೆ. ಕೈಮಾ, ಕೆಂಪು ರಾಜ್ಮಾ, ಟೊಮೆಟೊ, ಈರುಳ್ಳಿ, ಚಿಲ್ಲಿ ಪೌಡರ್. ಪಕ್ಕದಲ್ಲಿ ಅಂಗೈ ಅಗಲದ ಸಿನಮನ್ ರೋಲ್, ಮೇಲೆ ಸಕ್ಕರೆ ಪಾಕ. ತಪ್ಪಾಗಿ ತಂದಿದ್ದಲ್ಲ. ಕಾನ್ಸಾಸ್, ನೆಬ್ರಾಸ್ಕಾ ಕಡೆ ಶಾಲೆಯ ಊಟದಲ್ಲಿ ಚಿಲ್ಲಿ ಮತ್ತು ಸಿನಮನ್ ರೋಲ್ ಜೋಡಿ. ಇಲ್ಲಿ ಓದಿದವರಿಗೆ ಒಂದಿಲ್ಲದೆ ಇನ್ನೊಂದಿಲ್ಲ. ಬಡಿಸಿದ ಹೆಂಗಸು ರೋಲನ್ನು ಚಿಲ್ಲಿಯಲ್ಲಿ ಅದ್ದಿ ತಿನ್ನಿ ಎಂದಳು. ಅದ್ದಿದೆ. ಚೆನ್ನಾಗಿತ್ತು. ರೋಲ್ ಕಾಕಾ ಪಾಲಿಗೂ ಬಂತು.

ಅಲ್ಲೇ ಕಾಕಾ ಶುಕ್ರವಾರದ ಮಾತನ್ನು ಮುಂದುವರಿಸಿದರು. “ಕಾಯಿ ಇದ್ದ ಊರಾಗ ಕಾಯೇ ದೊಡ್ಡದು. ಬರೇ ಪುಡಿ ಬಂದ ಊರಾಗ ಗಡಿಗಿ ತುಂಬಾಕ ಮನ್ಯಾಗ ಇದ್ದದ್ದನ್ನ ಹಾಕಬೇಕಲ್ಲ?” ನನ್ನ ಮಟ್ಟಿಗೆ ಬೀನ್ಸ್ ಜಗಳಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ಯಾರೂ ಕೊಟ್ಟಿಲ್ಲ. ಆಂಚೊ, ಗ್ವಾಹಿಯೊ ಬಂದು ಇಳಿಯುವ ಊರಿನಲ್ಲಿ ನಾಲ್ಕು ಥರ ಕಾಯಿ ಬೆರೆಸಿ ರುಚಿ ಕಟ್ಟಬಹುದು. ಇಲ್ಲಿ ಸಿಕ್ಕಿದ್ದು ಬಾಟಲಿ ಪುಡಿ ಒಂದೇ. ಚಳಿಗಾಲ ಉದ್ದ, ಉಣ್ಣುವ ಬಾಯಿ ಜಾಸ್ತಿ, ಅಟ್ಟದಲ್ಲಿ ಬೀನ್ಸ್, ಡಬ್ಬಿಯಲ್ಲಿ ಟೊಮೆಟೊ. ಬೀನ್ಸ್ ಹಾಕಿದವರು ಚಿಲ್ಲಿ ಕೆಡಿಸಿದರು ಅನ್ನುವುದು ನ್ಯಾಯವಲ್ಲ. ಆ ಪಾತ್ರೆ ಬೇರೆ ಮನೆಯ ಹಸಿವಿಗೆ ಬೆಂದದ್ದು.

ಶುಕ್ರವಾರ ಪೂರ್ತಿ ಮಳೆ. ಸೇಂಟ್ ಲೂಯಿಸ್ ಹತ್ತಿರ ಮಲಗಿದೆವು.

ಶನಿವಾರ: ಸಿನ್ಸಿನಾಟಿ

ಕಾಕಾನ ಮಗಳು, ಅಳಿಯ, ಮೊಮ್ಮಕ್ಕಳು ಬಾಗಿಲಲ್ಲೇ ಕಾಯುತ್ತಿದ್ದರು. ಮಧ್ಯಾಹ್ನ ರೊಟ್ಟಿ ಊಟ. ಸಂಜೆ ಕ್ಯಾಂಪ್ ವಾಷಿಂಗ್ಟನ್ ಚಿಲ್ಲಿ ಅಂಗಡಿಗೆ ಹೋದೆವು, 1940ರಿಂದ ಇರುವುದು.

ಇಲ್ಲಿನ ಚಿಲ್ಲಿಯ ಬೇರು ಮೆಕ್ಸಿಕೊ ಕಡೆಗಿಲ್ಲ. ಮ್ಯಾಸಿಡೋನಿಯಾದಿಂದ ಬಂದ ಕಿರಾಜೀಫ್ ಅಣ್ಣತಮ್ಮಂದಿರು 1922ರಲ್ಲಿ ಎಂಪ್ರೆಸ್ ಎಂಬ ನಾಟಕಶಾಲೆಯ ಪಕ್ಕ ಅಂಗಡಿ ಇಟ್ಟು ಇದನ್ನು ಶುರು ಮಾಡಿದರು. ಗ್ರೀಸ್‌ನಿಂದ ಬಂದ ನಿಕೋಲಸ್ ಲ್ಯಾಂಬ್ರಿನಿಡಿಸ್ 1949ರಲ್ಲಿ ಸ್ಕೈಲೈನ್ ತೆರೆದರು. ಜೋರ್ಡಾನ್‌ನಿಂದ ಬಂದ ಅಣ್ಣತಮ್ಮಂದಿರು 1965ರಲ್ಲಿ ಗೋಲ್ಡ್ ಸ್ಟಾರ್. ಅವರು ಅಮೆರಿಕದ ಚಿಲ್ಲಿ ಎಂಬ ಹೆಸರು ತೆಗೆದುಕೊಂಡರು, ಒಳಗೆ ತಮ್ಮ ಮನೆಯ ಮಸಾಲೆ ಹಾಕಿದರು. ದಾಲ್ಚಿನ್ನಿ, ಲವಂಗ, ಆಲ್‌ಸ್ಪೈಸ್, ಕೆಲವರು ಕೋಕೋ ಕೂಡ. ಕೈಮಾವನ್ನು ಹುರಿಯುವುದಿಲ್ಲ. ಹಸಿಯಾಗಿಯೇ ನೀರಿನಲ್ಲಿ ಕದಡಿ ಕುದಿಸುತ್ತಾರೆ. ಹಾಗಾಗಿ ಅದು ತೆಳ್ಳಗೆ, ನುಣ್ಣಗೆ ಇರುತ್ತದೆ. ಅದನ್ನು ಸ್ಪಗೆಟಿ ಮೇಲೆ ಸುರಿದು, ಮೇಲೆ ತುರಿದ ಚೀಸಿನ ಗುಡ್ಡೆ ಹಾಕಿದರೆ ‘ತ್ರೀ ವೇ’. ಈರುಳ್ಳಿ ಅಥವಾ ಬೀನ್ಸ್ ಸೇರಿದರೆ ‘ಫೋರ್ ವೇ’, ಎರಡೂ ಸೇರಿದರೆ ‘ಫೈವ್ ವೇ’. ಪಕ್ಕದಲ್ಲಿ ಪುಟ್ಟ ಗುಂಡು ಬಿಸ್ಕತ್ತು.

ಟೆಕ್ಸಾಸ್‌ನವರು ಇದನ್ನು ಚಿಲ್ಲಿ ಅಂತ ಒಪ್ಪುವುದೇ ಇಲ್ಲ. ಕಾಕಾ ನನ್ನ ತಟ್ಟೆಯ ಹಬೆ ಮೂಸಿ ನೋಡಿ, “ಇಲ್ಲಿ ದಾಲ್ಚಿನ್ನಿದ ದರ್ಬಾರು. ಕಾಯಿ ಬಾಗಲಾಗ ನಿಂತೈತಿ” ಎಂದರು. ಆ ಮಾತು ಸರಿ. ಆದರೂ ಫೈವ್ ವೇ ನನಗೆ ಮನಸ್ಸಿಗೆ ಹಿಡಿಯಿತು. ಬಿಸಿ ಮಾಂಸ, ತಣ್ಣನೆ ಚೀಸ್, ಹಸಿ ಈರುಳ್ಳಿಯ ಕರಕರ, ನಡುವೆ ಲವಂಗದ ಘಮ. ಫೋರ್ಕಿನಲ್ಲಿ ಸುತ್ತಬಾರದು, ಅಂಚಿನಿಂದ ಕತ್ತರಿಸಿ ಪದರ ಪದರವಾಗಿ ತಿನ್ನಬೇಕು ಅಂತ ಕಾಕಾನ ಮೊಮ್ಮಗ ಹೇಳಿಕೊಟ್ಟ. ಅವನು ಇಲ್ಲೇ ಹುಟ್ಟಿದ ಹುಡುಗ. ಅವನಿಗೆ ಚಿಲ್ಲಿ ಅಂದರೆ ಇದೇ.

ಭಾನುವಾರ

ಸ್ಯಾನ್ ಆಂಟೋನಿಯೊದ ಆಂಚೊ, ಗ್ವಾಹಿಯೊ, ಚಿಮಯೊ ಪುಡಿ ಎಲ್ಲ ತಂಗಿಯ ಅಡುಗೆಕಟ್ಟೆ ಮೇಲೆ ಹರಡಿದೆವು. ಆ ಅಜ್ಜಿ ಹೇಳಿದ ಹಾಗೇ ಕಾಯಿ ಬೆಚ್ಚಗೆ ಮಾಡಿ, ನೆನೆಸಿ, ರುಬ್ಬಿದೆವು. ಮಾಂಸದ ಬದಲು ರಾಜ್ಮಾ ಮತ್ತು ಅಣಬೆ. ಬೀನ್ಸ್ ಪಾತ್ರೆಯೊಳಗೇ ಹಾಕಬೇಕಾ ಅಂತ ತಂಗಿ ಕೇಳಿದಾಗ ಕಾಕಾ, “ಹಾಕವಾ, ನಾವೇನು ಟೆಕ್ಸಾಸ್‌ನವರಲ್ಲ” ಎಂದರು. ಮೊಮ್ಮಗ ತನ್ನ ಪಾಲಿಗೆ ಸ್ಪಗೆಟಿ ಬೇಯಿಸಿಕೊಂಡ.

ಈ ದಾರಿ ಹಿಡಿಯುವವರಿಗೆ ಒಂದೆರಡು ಮಾತು. ಹ್ಯಾಚ್‌ಗೆ ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ನಡುವೆ ಹೋಗಿ, ಸುಡುವ ಸುಗ್ಗಿ ಅದು. ಲೇಬರ್ ಡೇ (ಸೆಪ್ಟೆಂಬರ್ ಮೊದಲ ಸೋಮವಾರ) ವಾರಾಂತ್ಯದಲ್ಲಿ ಅಲ್ಲಿ ಜಾತ್ರೆ, ಕೋಣೆ ಮೊದಲೇ ಹಿಡಿಯಬೇಕು. ಟೆರ್ಲಿಂಗ್ವಾದಲ್ಲಿ ಜನ ಬೇಕಾದರೆ ನವೆಂಬರ್, ನೆಮ್ಮದಿ ಬೇಕಾದರೆ ಬೇರೆ ಯಾವಾಗಲಾದರೂ. ಸಸ್ಯಾಹಾರಿಗಳು ನ್ಯೂ ಮೆಕ್ಸಿಕೊದಲ್ಲಿ ಆರಾಮಾಗಿ ಉಣ್ಣಬಹುದು, ಆದರೆ ಬೀನ್ಸ್‌ನಲ್ಲಿ ಹಂದಿ ಕೊಬ್ಬು, ಹಸಿರು ಗೊಜ್ಜಿನಲ್ಲಿ ಮಾಂಸ ಇದೆಯಾ ಅಂತ ಪ್ರತಿ ಸಲ ಕೇಳಿ. ಸಿನ್ಸಿನಾಟಿಯ ಸ್ಕೈಲೈನ್‌ನಲ್ಲಿ ಕಪ್ಪು ಬೀನ್ಸ್ ಮತ್ತು ಅನ್ನದ ಸಸ್ಯಾಹಾರಿ ಚಿಲ್ಲಿ ಸಿಗುತ್ತದೆ. ಕ್ಯಾಂಪ್ ವಾಷಿಂಗ್ಟನ್‌ಗೆ ಹೋಗುವುದಾದರೆ ಭಾನುವಾರ ಬಿಟ್ಟು ಹೋಗಿ, ಅವತ್ತು ಅಂಗಡಿ ರಜೆ.